ಪಂಕ್ತಿಯಲ್ಲಿ ಕೂಡದ ಉಪದೇಶಿ

ಲೋಕದಲ್ಲಿ ನಿಂತು ಹೆಸರು ಮಾಡಿದವರು ಬಹಳ ಜನ. ಗಂಗೆಯನ್ನು ಇಳಿಸಲು ಒಬ್ಬ ಒಂಟಿಗಾಲಲ್ಲಿ ನಿಂತ. ಮೈಗೆ ಬಳ್ಳಿ ಹಬ್ಬುವವರೆಗೂ ಮತ್ತೊಬ್ಬ ಬೆಟ್ಟದ ಮೇಲೆ ನಿಂತ. ನಮ್ಮ ಕಲಘಟಗಿ ತಾಲೂಕಿನಿಂದ ಈ ಸಾಲಿಗೆ ಸೇರಬೇಕಾದವರು ತೊಟ್ಟಿಲ ಕಾಲು ತಿರುವುವ ದಾನಿಯೇಲಪ್ಪ. ಅವರು ನಿಂತದ್ದು ಗೋಧಿ ಹುಗ್ಗಿಯ ಮುಂದೆ.

ಎರಡು ವರ್ಷವಾಯಿತು, 1987ರ ಬೇಸಿಗೆಯಿಂದ ಈಚೆಗೆ, ದಾನಿಯೇಲಪ್ಪನವರು ಯಾವ ಪಂಕ್ತಿಯಲ್ಲೂ ಕೂತು ಉಂಡದ್ದನ್ನು ಕಂಡವರಿಲ್ಲ. ಮದುವೆಯಿರಲಿ, ಬಸುರಿಯ ಕುಬಸವಿರಲಿ, ತಾವೇ ಕಾಲು ತಿರುವಿಕೊಟ್ಟ ತೊಟ್ಟಿಲಿಗೆ ಕೂಸು ಹಾಕುವ ದಿನವಿರಲಿ, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತಾಗ ಇವರು ಗೋಡೆಗೆ ಬೆನ್ನು ಕೊಟ್ಟು, ತಾಟನ್ನು ಎದೆಯ ಮಟ್ಟಕ್ಕೆ ಹಿಡಿದು, ರಣರಂಗ ನೋಡುವ ಸೇನಾಪತಿಯ ಹಾಗೆ ಇಡೀ ಪಂಕ್ತಿಯ ಮೇಲೆ ಕಣ್ಣಾಡಿಸುತ್ತ ಉಣ್ಣುತ್ತಾರೆ. ಬಡಿಸುವವರು ಬಗ್ಗಿ ಬಗ್ಗಿ ಸಾಗಿ ಬಂದು ಇವರೆದುರು ಒಮ್ಮೆಲೇ ನೆಟ್ಟಗಾಗಬೇಕು. ಹಾಗೆ ನೆಟ್ಟಗಾಗಲು ಹೋಗಿ ನಡು ಹಿಡಿದುಕೊಂಡವರು ಇಬ್ಬರು ಇದ್ದಾರೆ.

ಕಾರಣ ಹುಡುಕಿ ತಾಲೂಕೇ ದಣಿದಿದೆ. ಕ್ರಿಶ್ಚಿಯನ್ನರ ಸ್ವಾಮಿ ಲೋಕಕ್ಕೆ ತಿರುಗಿ ಬರುವತನಕ ಕೂಡುವುದಿಲ್ಲವೆಂದು ಹರಕೆ ಹೊತ್ತಿದ್ದಾರೆ ಎಂಬುದು ಮಿಶ್ರಿಕೋಟಿಯವರ ಮತ. ಸುದ್ದಿ ಅಳ್ನಾವರ ಮುಟ್ಟುವಷ್ಟರಲ್ಲಿ ಇನ್ನಷ್ಟು ಬೆಳೆದು, ಆ ಮನುಷ್ಯ ನಿದ್ದೆ ಮಾಡುವುದೂ ನಿಂತೇ, ಕುದುರೆಯ ಹಾಗೆ, ಎಂದಾಗಿದೆ. ನಮ್ಮ ಓಣಿಯ ರಾಜಮಾಬಿ ಮಾತ್ರ ಬೇರೆ ಹೇಳುತ್ತಾಳೆ. ಕೆಲಸದ ಹೊತ್ತಿನಲ್ಲಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆಯೊಂದನ್ನು ಅವರು ನುಂಗಿಬಿಟ್ಟಿದ್ದಾರೆ, ಕೂತರೆ ಚುಚ್ಚುತ್ತದೆ ಎಂದು ಅವಳು ಆಣೆ ಮಾಡಲು ಸಿದ್ಧ. ನನಗೆ ತಿಳಿದ ಕಾರಣ ಇವು ಯಾವುವೂ ಅಲ್ಲ. ಅದರಲ್ಲಿ ಒಂದು ಶಬ್ದ ಇದೆ, ಮತ್ತು ನೀಲಕ್ಕ ಎಂಬ ಹೆಂಗಸಿನ ಬದುಕಿನ ನಾಲ್ಕು ವರ್ಷ ಇವೆ.

ಕಲಘಟಗಿಯಲ್ಲಿ ನಾವು ಕ್ರಿಶ್ಚಿಯನ್ನರು ಹನ್ನೊಂದು ಮನೆ. ಹಂಚು ಹೊದಿಸಿದ ಒಂದು ಪ್ರಾರ್ಥನಾ ಮಂದಿರ. ಸಭಾಪಾಲಕರು ತಿಂಗಳಿಗೊಂದು ರವಿವಾರ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಉಳಿದ ರವಿವಾರಗಳಲ್ಲಿ ಶಾಸ್ತ್ರ ಓದಿ ಅರ್ಥ ಹೇಳುವ ಉಪದೇಶಿ ದಾನಿಯೇಲಪ್ಪನವರೇ. ಶಾಸ್ತ್ರದಲ್ಲಿ ಆ ಹೆಸರಿನ ಮೊದಲಿನವನು ಬಾಬೆಲಿನ ಅರಸರ ಕನಸಿಗೆ ಅರ್ಥ ಹೇಳಿದವನು, ಸಿಂಹಗಳ ಗುಹೆಯಿಂದ ಮೈ ಪರಚಿಸಿಕೊಳ್ಳದೆ ಹೊರಬಂದವನು. ನಮ್ಮವರು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಿಂದ ಎರಡು ಸಲ ಪರಚಿಸಿಕೊಂಡು ಹೊರಬಂದವರು. ಆದರೆ ಅರ್ಥ ಹೇಳುವ ಧೈರ್ಯದಲ್ಲಿ ಮೊದಲಿನವನಿಗಿಂತ ಒಂದು ಗೇಣೂ ಕಡಿಮೆಯಿರಲಿಲ್ಲ.

ಒಂದು ಉದಾಹರಣೆ ಸಾಕು. ಶಾಸ್ತ್ರದ ಕೊನೆಯ ಪುಸ್ತಕದಲ್ಲಿ ಸಮುದ್ರದಿಂದ ಏಳುವ ಮೃಗವೊಂದಿದೆ, ಏಳು ತಲೆ, ಹತ್ತು ಕೊಂಬು. ದೊಡ್ಡ ದೊಡ್ಡ ಪಂಡಿತರು ಅದರ ಮುಂದೆ ಕೂತು ಹಣೆ ಒತ್ತಿಕೊಂಡಿದ್ದಾರಂತೆ. ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ಉಪದೇಶಿ ಅದನ್ನು ಓದಿ, ಕನ್ನಡಕ ಹಣೆಗೇರಿಸಿ, ಎತ್ತು ಸಾಕಿದ ಮಂದಿಯೆಲ್ಲ ಲೆಕ್ಕ ಹಾಕಿರಿ ಎಂದರು. "ತಲಿ ಏಳಾದ್ರ ಕೊಂಬು ಹದಿನಾಕು ಇರಬೇಕಲ್ರಿ. ಹತ್ತ ಅದಾವ. ನಾಕು ಎಲ್ಲಿ ಹ್ವಾದುವು? ಮುರದಾವ. ಅಂದ್ರ ನಮ್ಮ ಕಡೆ ಬರೂದ್ರಾಗ ಅದು ನಾಕು ಕಡೆ ಒದಿ ತಿಂದೈತಿ. ಅದಕ್ಕ ನಾವ್ಯಾಕ ಅಂಜೂಣು?"

ಆ ರವಿವಾರ ಮಂದಿರದಿಂದ ಹೊರಬಿದ್ದ ಜನ ಆರು ತಿಂಗಳ ನಂತರ ಮೊದಲ ಬಾರಿ ನೆಟ್ಟಗೆ ನಡೆದದ್ದನ್ನು ನಾನೇ ನೋಡಿದ್ದೇನೆ.

ಅವರ ಕಸುಬಿನ ಮಾತು ಬಂದರಂತೂ ಕೇಳಲೇಬೇಕು. ಬೆಂಕಿಯಲ್ಲಿ ಬೆಳ್ಳಿ ಪುಟಕ್ಕಿಡುವ ಮಾತು ಶಾಸ್ತ್ರದಲ್ಲಿ ಬಂದಾಗ ಅವರು ಬೆಳ್ಳಿಯನ್ನು ಬಿಟ್ಟು ಅರಗನ್ನು ಹಿಡಿದರು. ತಿರುಗುವ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯಬೇಕು, ತಿಕ್ಕಾಟದ ಕಾವಿಗೆ ಅರಗು ಕರಗಬೇಕು, ಆಗಲೇ ಬಣ್ಣ ಕಟ್ಟಿಗೆಯೊಳಗೆ ಇಳಿಯುತ್ತದೆ. ತಿರುಗಿಸುವವನಿಗೆ ಕಟ್ಟಿಗೆಯ ಮೇಲೆ ಸಿಟ್ಟಿಲ್ಲ ಎಂದು ಹೇಳುವಾಗ ಅವರ ಬೆರಳ ತುದಿಗಳು ಕೆಂಪು ಹಳದಿಯಾಗಿ ಇರುತ್ತಿದ್ದವು. ಆ ಅರ್ಥದಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ, ಏಕೆಂದರೆ ಅರಗನ್ನು ಅವರು ನಲವತ್ತು ವರ್ಷದಿಂದ ಮುಟ್ಟಿ ಬಲ್ಲವರು. ಸಮುದ್ರವನ್ನು ಅವರು ನೋಡಿರಲಿಲ್ಲ. ಶಾಸ್ತ್ರದಲ್ಲಿ ಸಮುದ್ರ ಬಹಳ ಬರುತ್ತದೆ ಎಂಬುದೇ ಪಜೀತಿ.

ಅವರು ಕಾಲು ತಿರುವುವ ತೊಟ್ಟಿಲಿನ ಕಾರಖಾನೆಯಲ್ಲಿಯೇ ಹಲಗೆಗಳ ಮೇಲೆ ಚಿತ್ರ ಬರೆಯುವ ಕೆಲಸ ನೀಲಕ್ಕನದು. ಬೆಣ್ಣೆ ಕದಿಯುವ ಕೃಷ್ಣನ ಕಣ್ಣು ಅವಳು ಬರೆದರೇ ಕಳ್ಳನ ಕಣ್ಣಾಗುವುದು ಎಂದು ಹೆಸರು. 1982ರ ಜೂನಿನಲ್ಲಿ ಅವಳ ಗಂಡ ಹನಮಂತಪ್ಪ ಅಳ್ನಾವರದಲ್ಲಿ ರೈಲು ಹತ್ತಿ, ಬಂದರಿನಲ್ಲಿ ಮಾಲು ಹೊರುವ ಕೆಲಸಕ್ಕೆಂದು ಗೋವಾಕ್ಕೆ ಹೋದ. ದೀಪಾವಳಿಯೊಳಗೆ ಎರಡು ಪತ್ರ ಬಂದವು. ಆಮೇಲೆ ಏನೂ ಇಲ್ಲ. ಆಗ ಅವಳಿಗೆ ಮೂವತ್ತೊಂದು.

ನೀಲಕ್ಕ ನಮ್ಮ ಮಂದಿರಕ್ಕೆ ಸೇರಿದವಳಲ್ಲ. ಆದರೆ ದಾನಿಯೇಲಪ್ಪನವರ ಮಾತು ಕೇಳಿದರೆ ಎದೆ ಹಗುರಾಗುತ್ತದೆಂದು ರವಿವಾರ ಬಂದು ಹೊಸ್ತಿಲ ಹೊರಗೆ ಕಂಬಕ್ಕೆ ಆತು ಕೂಡುತ್ತಿದ್ದಳು. ಒಳಗೆ ಬಾ ಎಂದರೆ, ಕಿವಿ ಒಳಗೇ ಅದಾವಲ್ರಿ ಎನ್ನುತ್ತಿದ್ದಳು.

1983ರ ಆರಂಭದ ಒಂದು ರವಿವಾರ ಓದಿಗೆ ಬಂದದ್ದು, ನಿರೀಕ್ಷೆ ಎಂಬುದು ಜೀವಕ್ಕೆ ಲಂಗರದ ಹಾಗೆ ಎಂದು ಹೇಳುವ ಭಾಗ. ಕರಾವಳಿಯವರಿಗೆ ಇದರಲ್ಲಿ ತೊಡಕಿಲ್ಲ. ನಮ್ಮ ಕಡೆ ಲಂಗರ ಎಂದರೆ ಒಂದೇ. ಉರುಸಿನ ದಿನ ದರ್ಗಾದಲ್ಲಿ ಜಾತಿ ಕೇಳದೆ, ಹೆಸರು ಕೇಳದೆ ಬಂದವರಿಗೆಲ್ಲ ಇಕ್ಕುವ ಊಟ. ದಾನಿಯೇಲಪ್ಪನವರು ವರ್ಷವರ್ಷವೂ ಉಂಡು ಬಂದವರು. ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಇದ್ದರೂ ಸಭಾಪಾಲಕರನ್ನು ಒಂದು ಮಾತು ಕೇಳಬಹುದಿತ್ತು. ಅರ್ಥ ಹೇಳುವವನು ಅರ್ಥ ಕೇಳಲು ಹೋಗುವುದೇ ಎಂದು ಬಿಟ್ಟರು.

ವಿಚಿತ್ರವೆಂದರೆ ಆ ಅರ್ಥ ಎಲ್ಲ ಕಡೆಯಿಂದಲೂ ಹೊಂದಿಕೊಂಡಿತು. ಆ ಲಂಗರ ಗಟ್ಟಿಯಾದದ್ದು, ಕದಲದ್ದು ಎಂದು ಅದೇ ಸಾಲಿನಲ್ಲಿ ಇದೆ. ದರ್ಗಾದ ಹಂಡೆ ಹಾಗೆಯೇ, ಮೂರು ಕಲ್ಲಿನ ಮೇಲೆ ಏರಿತೆಂದರೆ ನಾಲ್ಕು ಮಂದಿ ಸೇರಿದರೂ ಕದಲದು. ಅದು ಪರದೆಯ ಒಳಗೆ ಹೋಗುವಂಥದ್ದು ಎಂದೂ ಇದೆ. ದರ್ಗಾದಲ್ಲಿ ಅಡುಗೆ ಆಗುವುದು ಪರದೆ ಕಟ್ಟಿದ ಒಳಗೇ. ನೀಲಕ್ಕನ ಬಾಜೂ ಮನೆಯ ಹಸನಬಿ ಪ್ರತಿ ವರ್ಷ ಆ ಪರದೆಯ ಹಿಂದೆ ಉಳ್ಳಾಗಡ್ಡಿ ಹೆಚ್ಚುವವಳು. ತನ್ನ ಪರದೆ ಕ್ರಿಶ್ಚಿಯನ್ನರ ಶಾಸ್ತ್ರದಲ್ಲಿ ಇದೆ ಎಂದು ತಿಳಿದು ಒಂದು ವಾರ ಅವಳು ನೆಲದ ಮೇಲೆ ನಡೆಯಲಿಲ್ಲ.

ಅಂದು ಉಪದೇಶಿ ಹೊಸ್ತಿಲ ಕಡೆ ನೋಡಿಯೇ ಮಾತಾಡಿದರು. ಲಂಗರದ ಪಂಕ್ತಿಯಲ್ಲಿ ಕೂತವನನ್ನು ಯಾರೂ ಎಬ್ಬಿಸುವುದಿಲ್ಲ, ಬಡಿಸುವ ಬಕೆಟ್ ಆ ತುದಿಯಿಂದ ಹೊರಟಿದೆ, ನಿನಗೆ ಕಾಣುತ್ತಿಲ್ಲ ಅಷ್ಟೆ, ನಡುವೆ ಎದ್ದವನ ಜಾಗ ಹೋಯಿತು, ಪಾಲೂ ಹೋಯಿತು. ಕಷ್ಟದಲ್ಲಿರುವವನು ಮಾಡಬೇಕಾದದ್ದು ಒಂದೇ, ಕೂತಿರುವುದು. ನಾವೆಲ್ಲ ತಲೆದೂಗಿದೆವು. ನಾನೂ ತೂಗಿದೆ. ಅಷ್ಟು ಚಂದದ ಅರ್ಥವನ್ನು ಅವರು ಅದಕ್ಕೂ ಮೊದಲು ಹೇಳಿರಲಿಲ್ಲ.

ನೀಲಕ್ಕ ಕೂತಳು.

ಅವಳ ಅಣ್ಣ ಮಡಿವಾಳೆಪ್ಪ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಆಯಾಗಳನ್ನು ತೆಗೆದುಕೊಳ್ಳುತ್ತಿದ್ದಾರೆ, ಮುಂದೆ ಕಾಯಂ ಆಗುತ್ತದೆ, ಇರಲು ಖೋಲಿಯೂ ಸಿಗುತ್ತದೆ ಎಂದು 1984ರಲ್ಲಿ ಕಾಗದ ಹಿಡಿದೇ ಬಂದ. ನೀಲಕ್ಕ ಕಾರಖಾನೆಗೆ ಹೋಗಿ ದಾನಿಯೇಲಪ್ಪನವರ ಎದುರು ನಿಂತು, ಹೋಗಲೋ ಬೇಡವೋ ಎಂದು ಕೇಳಿದಳು. ಗಂಡ ಹೊಳ್ಳಿ ಬಂದ ದಿನ ಮನೆಗೆ ಕೀಲಿ ಬಿದ್ದಿದ್ದರೆ ಹೇಗೆ ಎಂಬುದು ಅವಳ ಚಿಂತೆ. ದಾನಿಯೇಲಪ್ಪನವರು ತಿರುಗುವ ಕಟ್ಟಿಗೆಯಿಂದ ಕಣ್ಣೆತ್ತದೆ ಹೇಳಿದರು. "ಪಂಗ್ತಿ ಬಿಟ್ಟು ಏಳಬ್ಯಾಡ ನೀಲಕ್ಕ. ಬಕೆಟ್ ಬರಾಕತ್ತೈತಿ."

ಮಡಿವಾಳೆಪ್ಪ ಮರುವರ್ಷ ಮತ್ತೆ ಬಂದ. ಈ ಸಲ ತಂಗಿಯನ್ನು ಬಿಟ್ಟು ನೇರ ಉಪದೇಶಿಯ ಮೇಲೆ ಹೋದ. "ನಿಮ್ಮ ಬಕೆಟ್ ಎಲ್ಲೀತನಾ ಬಂತ್ರಿ ಯಜಮಾನ್ರ? ಮಿಶ್ರಿಕೋಟಿ ದಾಟೈತೋ, ಅಲ್ಲೇ ಬಸ್ ತಪ್ಪಿಸ್ಕೊಂಡೈತೋ?" ಎಂದು ನಾಲ್ಕು ಜನರ ಮುಂದೆ ಕೇಳಿದ. ನಾವು ನಕ್ಕೆವು. ದಾನಿಯೇಲಪ್ಪನವರೂ ನಕ್ಕರು, ಅವಸರ ಮಾಡಿದವನಿಗೆ ಅನ್ನ ಅರ್ಧ ಬೆಂದದ್ದೇ ಸಿಗುವುದು ಎಂದು ಉತ್ತರ ಕೊಟ್ಟು ಗೆದ್ದರು ಕೂಡ. ಮಾತಿನಲ್ಲಿ ಅವರನ್ನು ಸೋಲಿಸಿದವರು ಅಲ್ಲಿಯವರೆಗೆ ತಾಲೂಕಿನಲ್ಲಿ ಇರಲಿಲ್ಲ. ಮಡಿವಾಳೆಪ್ಪ ಹೊಳ್ಳಿ ಹೋದ. ಆ ಗೆಲುವಿನ ಬೆಲೆ ಏನೆಂದು ಆಗ ನಮಗಾರಿಗೂ ಗೊತ್ತಿರಲಿಲ್ಲ.

1987ರ ಏಪ್ರಿಲ್‌ನಲ್ಲಿ ದಾನಿಯೇಲಪ್ಪನವರ ತಂಗಿಯ ಮಗಳ ಮದುವೆ ವಾಸ್ಕೋದಲ್ಲಿ ಗೊತ್ತಾಯಿತು. ಅರವತ್ತನೆಯ ವಯಸ್ಸಿನಲ್ಲಿ ಅವರು ಅಳ್ನಾವರದಿಂದ ರೈಲು ಹತ್ತಿ, ಜೀವನದಲ್ಲಿ ಮೊದಲ ಸಲ ಸಮುದ್ರದ ಮುಂದೆ ನಿಂತರು. ಶಾಸ್ತ್ರದ ಸಮುದ್ರಗಳನ್ನೆಲ್ಲ ಎರಡಾಗಿ ಸೀಳಿ, ಅವುಗಳ ಮೇಲೆ ನಡೆಸಿ, ಗಾಳಿಯನ್ನು ಗದರಿಸಿ ಸುಮ್ಮನಾಗಿಸಿದ ಮನುಷ್ಯ ನಿಜವಾದದ್ದು ಕಾಲಿಗೆ ಬಂದಾಗ ನಾಲ್ಕು ಹೆಜ್ಜೆ ಹಿಂದೆ ಸರಿದರಂತೆ. ಚಪ್ಪಲಿಯೊಳಗೆ ಉಸುಕು ಹೋಗಿತ್ತು. ಝಾಡಿಸಲೆಂದು ದಂಡೆಯಲ್ಲಿ ಬಿದ್ದಿದ್ದ ಒಂದು ಕರಿ ಕಬ್ಬಿಣದ ಮೇಲೆ ಕೂತರು.

ಅಷ್ಟರಲ್ಲಿ ದೋಣಿಗಳ ಕಾವಲಿಗಿದ್ದವನೊಬ್ಬ ಓಡಿ ಬಂದ. ಅಣ್ಣಿಗೇರಿ ಕಡೆಯ ಯಲ್ಲಪ್ಪ, ಹದಿನೈದು ವರ್ಷದಿಂದ ಅಲ್ಲಿದ್ದವನು. ಇವರ ಧೋತರ ಮತ್ತು ಟೊಪ್ಪಿಗೆ ನೋಡಿಯೇ ನಮ್ಮ ಕಡೆಯವರೆಂದು ತಿಳಿದು ಕನ್ನಡದಲ್ಲೇ ಹೇಳಿದ. "ಕಾಕಾ, ಲಂಗರದ ಮ್ಯಾಲಿಂದ ಏಳ್ರಿ. ಇವತ್ತ ಬಣ್ಣ ಬಡದೇವಿ."

ದಾನಿಯೇಲಪ್ಪನವರು ಎದ್ದು ಹಿಂದೆ ತಿರುಗಿ ನೋಡಿದರು. ಧೋತರಕ್ಕೆ ಕರಿ ಬಣ್ಣ ಹತ್ತಿತ್ತು. ಲಂಗರ ಎಲ್ಲೈತಪ್ಪಾ ಎಂದು ಸುತ್ತಲೂ ನೋಡಿದರಂತೆ, ಹಂಡೆ ಹುಡುಕುತ್ತ. ಯಲ್ಲಪ್ಪ ಕಾಲಿನಿಂದ ಕಬ್ಬಿಣ ಮುಟ್ಟಿ ತೋರಿಸಿದ. ಎರಡು ಕಡೆ ಬಾಗಿದ ಕೊಕ್ಕೆ, ಮೇಲೊಂದು ಬಳೆ, ಬಳೆಗೆ ಸರಪಳಿ. ಗಾಳಿ ಎದ್ದಾಗ ಇದನ್ನು ನೀರಿಗೆ ಒಗೆಯುತ್ತೇವೆ, ಇದು ಹೋಗಿ ತಳದ ಕೆಸರಿನಲ್ಲಿ ಕಚ್ಚಿಕೊಳ್ಳುತ್ತದೆ, ದೋಣಿ ಕೊಚ್ಚಿ ಹೋಗುವುದಿಲ್ಲ ಎಂದು ವಿವರಿಸಿದ.

"ಗಾಳಿ ನಿಂತ ಮ್ಯಾಲ?" ಎಂದು ಇವರು ಕೇಳಿದರು.

"ಎತ್ತತೇವ್ರಿ. ಎತ್ತಲಿಲ್ಲಂದ್ರ ದೋಣಿ ನಿಂತಲ್ಲೇ ಕೊಳೀತೈತಿ. ಎತ್ತಾಕಂತನ ಒಗಿಯೂದಲ್ರಿ ಇದನ್ನ."

ಅವನಿಗೆ ಅದು ದಿನದ ಮಾತು. ಹೇಳಿ ಹೋಗಿ ತನ್ನ ಬಣ್ಣದ ಡಬ್ಬಿಯ ಮುಂದೆ ಕೂತ. ದಾನಿಯೇಲಪ್ಪನವರು ಅವನ ಹಿಂದೆಯೇ ಹೋಗಿ ಕಲಘಟಗಿಯ ಹನಮಂತಪ್ಪನ ಗುರುತು ಕೇಳಿದರು. ಇಲ್ಲಿ ನಿಂತು ಹನಮಂತಪ್ಪಾ ಎಂದು ಕೂಗಿದರೆ ನಲವತ್ತು ಮಂದಿ ತಿರುಗಿ ನೋಡುತ್ತಾರೆ, ಯಾವನನ್ನು ತೋರಿಸಲಿ ಎಂದ ಯಲ್ಲಪ್ಪ. ಆದರೂ ಇವರು ಎರಡು ದಿನ ಬಂದರಿನ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಹೊರಗೆ ಬರುವ ಮುಖಗಳನ್ನು ನೋಡಿದರು. ಮದುವೆಯ ಊಟಕ್ಕೆ ಕೂಡಲಿಲ್ಲ. ಸಮುದ್ರದ ಗಾಳಿ ಹೊಟ್ಟೆಗೆ ಆಗಲಿಲ್ಲವೆಂದು ತಂಗಿ ತಿಳಿದಳು.

ಊರಿಗೆ ಬಂದ ಮೊದಲ ರವಿವಾರ ಅವರು ತೊಟ್ಟಿಲಿನ ಒಂದು ಹಲಗೆ ತಂದು, ಅದರ ಮೇಲೆ ಸೀಮೆಸುಣ್ಣದಲ್ಲಿ ಲಂಗರದ ಚಿತ್ರ ಬರೆದು ಪೀಠಕ್ಕೆ ಆನಿಸಿ ಇಟ್ಟರು. ನಾಲ್ಕು ವರ್ಷದ ಹಿಂದೆ ನಾನು ಹೇಳಿದ್ದು ತಪ್ಪು, ಅದು ಅನ್ನ ಅಲ್ಲ, ಇದು, ಎಂದರು. ಗಾಳಿ, ಕೆಸರು, ಸರಪಳಿ, ಎತ್ತುವುದು ಎಲ್ಲವನ್ನೂ ಹೇಳಿದರು. ಇಂಥ ದೊಡ್ಡ ಶರಣಾಗತಿಗೆ ನಮ್ಮ ಸಭೆ ತಕ್ಕಂತೆ ನಡೆದುಕೊಳ್ಳಲಿಲ್ಲ. ಅನ್ನದ ಲಂಗರವೇ ಚಲೋ ಇತ್ತು, ಈ ಕಬ್ಬಿಣ ತೊಗೊಂಡು ಏನು ಮಾಡುವುದು ಎಂದು ಹಿಂದಿನಿಂದ ಯಾರೋ ಅಂದರು, ಮಂದಿ ನಕ್ಕರು. ಹಸನಬಿಗೆ ಸುದ್ದಿ ಮುಟ್ಟಿದಾಗ ತನ್ನ ಪರದೆಯನ್ನು ಶಾಸ್ತ್ರದಿಂದ ಕಿತ್ತು ಹಾಕಿದ್ದಕ್ಕೆ ಅವಳು ಹದಿನೈದು ದಿನ ಉಪದೇಶಿಯೊಡನೆ ಮಾತು ಬಿಟ್ಟಳು.

ಹೊಸ್ತಿಲ ಹೊರಗಿನಿಂದ ನೀಲಕ್ಕ ಮೊದಲ ಸಲ ಒಳಗೆ ಬಂದಳು. ಹಲಗೆಯ ಹತ್ತಿರ ಹೋಗಿ ಚಿತ್ರವನ್ನು ನೋಡಿದಳು, ಚಿತ್ರ ಬರೆಯುವವರು ನೋಡುವ ಹಾಗೆ, ತಲೆ ಸ್ವಲ್ಪ ಓರೆ ಮಾಡಿ.

"ಅಂದ್ರ ನಾ ಏಳಬೇಕಿತ್ತೇನ್ರಿ?"

"ಹೌದವಾ. ಏಳಬೇಕಿತ್ತು."

"ಯಾವಾಗ?"

ದಾನಿಯೇಲಪ್ಪನವರು ಕನ್ನಡಕ ತೆಗೆದು ಪೀಠದ ಮೇಲೆ ಇಟ್ಟರು. ಆಮೇಲೆ ಮೆಲ್ಲಗೆ, ನಿಮ್ಮ ಅಣ್ಣ ಕಾಗದ ತಂದ ದಿನ ಎಂದರು.

ಮರುದಿನ ಇಬ್ಬರೂ ಹುಬ್ಬಳ್ಳಿ ಬಸ್ ಹತ್ತಿದರು. ದವಾಖಾನೆಯ ಆಫೀಸಿನಲ್ಲಿ ಉಪದೇಶಿ ತಮ್ಮ ಜೀವಮಾನದ ಎಲ್ಲ ಮಾತುಗಾರಿಕೆಯನ್ನೂ ಮೇಜಿನ ಮೇಲೆ ಸುರಿದರು. ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಒಳ್ಳೆಯವಳೇ. ಪೂರ್ತಿ ಕೇಳಿ, ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವಂತಿಲ್ಲ, ಎರಡು ವರ್ಷದ ಹಿಂದೆ ಬಂದಿದ್ದರೆ ನಾನೇ ಬರೆಸಿಕೊಳ್ಳುತ್ತಿದ್ದೆ ಎಂದಳು. ನೀಲಕ್ಕನಿಗೆ ಆಗ ಮೂವತ್ತಾರು. 1984ರಲ್ಲಿ ಸೇರಿದ್ದ ಆಯಾಗಳೆಲ್ಲ ಕಾಯಂ ಆಗಿದ್ದರು. ಅವರಲ್ಲಿ ಒಬ್ಬಳು ಇವರಿಬ್ಬರಿಗೂ ಚಹಾ ತಂದಿಟ್ಟು ಹೋದಳು.

ಹೊಳ್ಳಿ ಬರುವ ಬಸ್ಸಿನಲ್ಲಿ ಅರ್ಧ ದಾರಿ ದಾಟಿದ ಮೇಲೆ ದಾನಿಯೇಲಪ್ಪನವರು, ನನ್ನ ಒಂದು ಶಬ್ದದಿಂದ ನಿನ್ನ ಬಾಳು ಹೀಗಾಯಿತು ಎಂದು ಶುರು ಮಾಡಿದರು. ನೀಲಕ್ಕ ಕಿಟಕಿಯ ಕಡೆ ಮುಖ ಮಾಡಿಯೇ ತಡೆದಳು.

"ನಿಮ್ಮ ಮಾತಿಗೆ ಅಷ್ಟ ಕುಂತಿದ್ದಿಲ್ಲ ನಾ. ನನಗ ಏಳಾಕ ಅಂಜಿಕಿ ಇತ್ತು. ಊರು ಬಿಡಾಕ, ಒಬ್ಬಾಕಿನ ಇರಾಕ. ನೀವು ಆ ಅಂಜಿಕಿಗೆ ಒಂದು ಚೊಲೊ ಹೆಸರು ಕೊಟ್ರಿ. ಅಷ್ಟ."

ಇದನ್ನು ಅವಳು ಸಮಾಧಾನಕ್ಕೆಂದೇ ಹೇಳಿರಬೇಕು. ದಾನಿಯೇಲಪ್ಪನವರು ನನಗೆ ಇದನ್ನು ಹೇಳಿದ ದಿನ ಕೈಯಲ್ಲಿ ಹಿಡಿದಿದ್ದ ಅರಗಿನ ಕಡ್ಡಿಯನ್ನು ನೆಲಕ್ಕೆ ಇಟ್ಟು, ಇದಕ್ಕಿಂತ ಅವಳು ಬೈದಿದ್ದರೇ ಚಲೋ ಇತ್ತು ಎಂದರು.

ಆ ವರ್ಷದ ಮಳೆಗಾಲಕ್ಕೆ ಮೊದಲು ನೀಲಕ್ಕ ಮನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಹಸನಬಿಯ ಕೈಗೆ ಕೊಟ್ಟು ಹುಬ್ಬಳ್ಳಿಗೆ ಹೋದಳು. ಮಡಿವಾಳೆಪ್ಪ ಹುಡುಕಿಕೊಟ್ಟದ್ದು ವಿದ್ಯಾರ್ಥಿಗಳ ಒಂದು ವಸತಿ ನಿಲಯದ ಅಡುಗೆಮನೆಯ ಕೆಲಸ. ಕಾಯಂ ಅಲ್ಲ, ಖೋಲಿ ಇಲ್ಲ, ರಜೆಯಲ್ಲಿ ಮಕ್ಕಳು ಊರಿಗೆ ಹೋದರೆ ಕೆಲಸವೂ ಇಲ್ಲ. ಕೃಷ್ಣನ ಕಣ್ಣು ಬರೆಯುತ್ತಿದ್ದ ಕೈ ರೊಟ್ಟಿ ಬಡಿಯುತ್ತಿದೆ. ಊಟದ ಹೊತ್ತಿಗೆ ಸಾರಿನ ಬಕೆಟ್ ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಬಡಿಸುವವಳೂ ಅವಳೇ. ಹೋದ ವರ್ಷ ದಾನಿಯೇಲಪ್ಪನವರು ಅವಳನ್ನು ನೋಡಿ ಬರಲು ಹೋಗಿದ್ದರು. ಪಂಕ್ತಿ ನಡೆದಿತ್ತು. ಬಾಗಿಲಲ್ಲಿ ನಿಂತು ನೋಡಿ, ಮಾತಾಡಿಸದೆ ಬಂದುಬಿಟ್ಟರು. ಕಾರಖಾನೆಯಲ್ಲಿ ಈಗ ಬರೆಯುವ ಕೃಷ್ಣರು ಬಹಳ ಸಭ್ಯರಾಗಿ ಕಾಣುತ್ತಾರೆ.

ಉಪದೇಶದ ಕೆಲಸವನ್ನು ಅವರು ಬಿಟ್ಟಿಲ್ಲ. ಓದುತ್ತಾರೆ, ಆದರೆ ಅರ್ಥ ಹೇಳುವುದಿಲ್ಲ. ಏಳು ತಲೆಯ ಮೃಗ ಈಗ ಬಂದರೆ ಕೊಂಬು ಎಣಿಸುವವರಿಲ್ಲದೆ ನೇರ ನಮ್ಮ ಮೇಲೇ ಬರುತ್ತದೆ. ತಿಂಗಳಿಗೊಮ್ಮೆ ಸಭಾಪಾಲಕರು ಸರಿಯಾದ ಅರ್ಥ ಹೇಳಿ ಹೋಗುತ್ತಾರೆ, ಅದು ಸರಿಯಾಗಿಯೇ ಇರುತ್ತದೆ, ಹೊರಗೆ ಬರುವಾಗ ಯಾರೂ ನೆಟ್ಟಗೆ ನಡೆದದ್ದನ್ನು ನಾನು ಕಂಡಿಲ್ಲ. ನಾವು ಕಳೆದುಕೊಂಡದ್ದು ಎಷ್ಟೆಂದು ನನಗೆ ಗೊತ್ತು. ನೀಲಕ್ಕ ಕಳೆದುಕೊಂಡದ್ದರ ಪಕ್ಕದಲ್ಲಿ ಅದನ್ನು ಇಡಲು ನಾಚಿಕೆಯಾಗುತ್ತದೆ.

ಹೀಗಿರುವಾಗ ಹೋದ ತಿಂಗಳು ಮಿಶ್ರಿಕೋಟಿಯಲ್ಲಿ ಒಂದು ಮದುವೆ. ಪಂಕ್ತಿ ಕೂತಿತು, ಬಕೆಟ್ ಆ ತುದಿಯಿಂದ ಹೊರಟಿತು. ದಾನಿಯೇಲಪ್ಪನವರು ಎಂದಿನಂತೆ ಗೋಡೆಗೆ ಆತು, ತಾಟು ಹಿಡಿದು ನಿಂತರು. ಸುತ್ತಲಿನ ಮಂದಿ ಪಿಸುಗುಟ್ಟತೊಡಗಿದರು, ಹರಕೆ ಎಂದು ಒಬ್ಬ, ಮೊಳೆ ಎಂದು ಇನ್ನೊಬ್ಬ. ನನಗೆ ತಡೆಯಲಾಗಲಿಲ್ಲ. ನನ್ನ ಎಲೆ ಬಿಟ್ಟು ಎದ್ದು ಅವರ ಬಾಜೂಕ ಹೋಗಿ ನಿಂತೆ. ನನಗೆ ಗೊತ್ತೈತ್ರಿ, ಎಂದೆ. ಇನ್ನೊಬ್ಬರನ್ನು ಪಂಕ್ತಿಯಲ್ಲಿ ನಾಲ್ಕು ವರ್ಷ ಕೂಡಿಸಿದ ತಪ್ಪಿಗೆ ಇನ್ನೆಂದೂ ಪಂಕ್ತಿಯಲ್ಲಿ ಕೂಡುವುದಿಲ್ಲವೆಂದು ನೀವು ನಿಮಗೇ ಹಾಕಿಕೊಂಡ ಶಿಕ್ಷೆ ಇದು, ಇಂಥ ಪ್ರಾಯಶ್ಚಿತ್ತ ಋಷಿಗಳೂ ಮಾಡಿರಲಿಕ್ಕಿಲ್ಲ ಎಂದು, ಕಣ್ಣು ಒದ್ದೆ ಮಾಡಿಕೊಂಡು, ಇನ್ನೂ ಏನೇನೋ ಹೇಳಿದೆ. ಎರಡು ವರ್ಷದಿಂದ ಕಟ್ಟಿಟ್ಟ ಮಾತು, ಒಂದೂ ಬಿಡಲಿಲ್ಲ.

ದಾನಿಯೇಲಪ್ಪನವರು ತುತ್ತು ನುಂಗಿ, ಬಡಿಸುವವನಿಗೆ ಹುಗ್ಗಿ ಸಾಕೆಂದು ಕೈ ಅಡ್ಡ ಮಾಡಿ, ನನ್ನ ಕಡೆ ನೋಡಿದರು.

"ಮೊಣಕಾಲ್ರಿ," ಎಂದರು. "ಕುಂತ್ರ ಏಳಾಕ ಬರೂದಿಲ್ಲ."